ನಿಮಿಷದಮ್ಮನ ಎಂಟು ನಿಮಿಷ

ಎರಡು ಊರುಗಳ ನಡುವೆ ನಾನೂರ ಹನ್ನೆರಡು ಕಿಲೋಮೀಟರ್ ಆಕಾಶ. ಬಸ್ಸಿನಲ್ಲಿ ಹೊರಟರೆ ಬೆಟ್ಟಸಾಲನ್ನು ಬಳಸಿಕೊಂಡು ಆರುನೂರ ತೊಂಬತ್ತು ಕಿಲೋಮೀಟರ್, ಹನ್ನೊಂದು ಗಂಟೆ, ಮೇಲೊಂದು ಸೊಂಟನೋವು. ವಿಮಾನದಲ್ಲಾದರೆ ಒಂದು ಗಂಟೆ ಇಪ್ಪತ್ತೈದು ನಿಮಿಷ. ಈ ಕೊನೆಯ ಅಂಕಿ ನಿಮಿಷದಮ್ಮನದು, ಮತ್ತು ಅದು ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

ಟಿಕೆಟ್ಟಿನ ಮೇಲೆ ಹೊರಡುವ ಹೊತ್ತು, ತಲುಪುವ ಹೊತ್ತು ಅಚ್ಚಾಗಿರುತ್ತದಲ್ಲ, ಅದು ತಾನಾಗಿ ಹುಟ್ಟುವುದಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಒಬ್ಬರು ಕೂತು ಅದನ್ನು ತೀರ್ಮಾನಿಸಬೇಕು. ಹೊರಡುವಾಗ ವಿಮಾನದ ಚಕ್ರಕ್ಕೆ ಕೊಟ್ಟ ಅಡ್ಡಕಟ್ಟಿಗೆ ತೆಗೆದ ಕ್ಷಣದಿಂದ, ಆಚೆ ತಲುಪಿದ ಮೇಲೆ ಮತ್ತೆ ಅಡ್ಡಕಟ್ಟಿಗೆ ಇಟ್ಟ ಕ್ಷಣದವರೆಗೆ ಎಷ್ಟು ನಿಮಿಷ ಎಂದು ಹೇಳುವುದೇ ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅವಳು ಅದೇ ಎರಡನೆಯ ಮಹಡಿಯ ಕೋಣೆಯಲ್ಲಿ, ರನ್‌ವೇಗೆ ಮುಖ ಮಾಡಿದ ಅದೇ ಕಿಟಕಿಯ ಪಕ್ಕ ಕೂತಿದ್ದಳು. ಗೋಡೆಯಲ್ಲಿ ಮೂರು ಗಡಿಯಾರ, ಅದರಲ್ಲಿ ಒಂದು ಕೆಟ್ಟದ್ದು. ಕಪಾಟಿನಲ್ಲಿ ವರ್ಷಕ್ಕೊಂದರಂತೆ ಅವಳ ನೋಟ್‌ಬುಕ್ಕುಗಳು. ಅವುಗಳ ಮೇಲಿನ ಹಲಗೆಯಲ್ಲಿ ಸಮಯಪಾಲನೆಗೆ ಬಹುಮಾನವಾಗಿ ಬಂದ ಬೆಳ್ಳಿಬಣ್ಣದ ಒಂದು ಕಪ್ಪು, ಪಕ್ಕದಲ್ಲಿ ಅದನ್ನು ಹಿಡಿದು ನಿಂತ ಅವಳದೇ ಫೋಟೊ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಕಾಣಿಸುತ್ತಿತ್ತು. ಉಳಿದಂತೆ ಸಾಮಾನು ಹೊರುವವರಿಂದ ಹಿಡಿದು ಕ್ಯಾಪ್ಟನ್‌ವರೆಗೆ ಎಲ್ಲರಿಗೂ ಅವಳು ನಿಮಿಷದಮ್ಮ.

ಅವಳ ಗಂಡ ಇದ್ದದ್ದು ಆಚೆ ಊರಿನಲ್ಲಿ. ಅಲ್ಲಿ ಅವನಿಗೆ ಕನ್ನಡಕದ ಅಂಗಡಿ. ಗಾಜು ಉಜ್ಜುವುದರಲ್ಲಿ ಅವನ ಕೈ ಎಷ್ಟು ನಯವೆಂದರೆ, ಊರಿನ ಕಣ್ಣಾಸ್ಪತ್ರೆಯವರು ಕಷ್ಟದ ಕನ್ನಡಕವನ್ನೆಲ್ಲ ಅವನ ಬಳಿಗೇ ಕಳಿಸುತ್ತಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷ. ಅವನು ಅಂಗಡಿ ಬಿಟ್ಟು ಬರುತ್ತೇನೆ ಎಂದು ಎರಡು ಸಲ ಹೇಳಿದ್ದ, ಅವಳು ಬೇಡ ಎಂದಿದ್ದಳು. ಅವಳು ಕೆಲಸ ಬಿಟ್ಟು ಬರುತ್ತೇನೆ ಎಂದು ಎರಡು ಸಲ ಹೇಳಿದ್ದಳು, ಅವನು ಬೇಡ ಎಂದಿದ್ದ. ಕೆಲಸವಿಲ್ಲದೆ ಇನ್ನೊಬ್ಬರು ಒಂದು ವಾರ ಕೂತರೆ ಮನೆಯ ಗೋಡೆಗಳಿಗೇ ತಲೆನೋವು ಬರುತ್ತದೆ ಎಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅವಳು ಪ್ರತಿ ಶುಕ್ರವಾರ ಮಧ್ಯಾಹ್ನ ಮೂರೂವರೆಯ ವಿಮಾನ ಹತ್ತುತ್ತಿದ್ದಳು, ಸೋಮವಾರ ಬೆಳಗಿನ ಮೊದಲ ವಿಮಾನಕ್ಕೆ ವಾಪಸ್ಸು. ಆಫೀಸಿನವರು ಅವನಿಗೆ ‘ಶುಕ್ರವಾರದ ಭಾವ’ ಎಂದು ಹೆಸರಿಟ್ಟಿದ್ದರು. ಅತ್ತೆಯೂ ಕಡಿಮೆಯವರಲ್ಲ. ‘ಸೊಸೆ ಅಂದ್ರೆ ನನ್ನ ಸೊಸೆ ಕಣ್ರೀ, ವಾರಪತ್ರಿಕೆ ಥರ, ತಪ್ಪದೆ ಬರ್ತಾಳೆ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಅವಳದೊಂದು ಸಣ್ಣ ಗುಟ್ಟಿತ್ತು. ಮೂರೂವರೆಯ ವಿಮಾನ ನಾಲ್ಕು ಐವತ್ತೈದಕ್ಕೆ ತಲುಪುತ್ತದೆ. ಗಂಡನಿಗೆ ಮಾತ್ರ ಐದು ಐದು ಎಂದೇ ಹೇಳಿದ್ದಳು. ವೇಳಾಪಟ್ಟಿ ಬದಲಾದಾಗಲೂ ತಲುಪುವ ಹೊತ್ತಿಗೆ ಹತ್ತು ನಿಮಿಷ ಸೇರಿಸಿಯೇ ಹೇಳುತ್ತಿದ್ದಳು. ಪಾಪ, ದಿನವೆಲ್ಲ ಗಾಜು ಉಜ್ಜಿದ ಮನುಷ್ಯ, ಬಂದು ಕಾಯುವುದು ಬೇಡ ಎಂದು. ವಿಮಾನದಿಂದ ಇಳಿದು, ನಡೆಯುತ್ತಲೇ ನೋಟ್‌ಬುಕ್ಕಿನಲ್ಲಿ ಅವತ್ತಿನ ಹೊತ್ತು ಬರೆದು, ಒಳಗೆ ಹೋಗಿ ಮುಖ ತೊಳೆದು, ತಲೆ ಬಾಚಿ, ಬಾಗಿಲಿಗೆ ಎದುರಾಗಿರುವ ಮೂರನೆಯ ಕುರ್ಚಿಯಲ್ಲಿ ಕೂತು ಅವನಿಗಾಗಿ ಕಾಯುವುದು ಅವಳಿಗೆ ಇಷ್ಟವೂ ಆಗಿತ್ತು. ಸರಿಯಾಗಿ ಐದು ಐದಕ್ಕೆ ಅವನು ಏದುಸಿರು ಬಿಡುತ್ತಾ ಬಾಗಿಲು ತಳ್ಳಿಕೊಂಡು ಬರುತ್ತಿದ್ದ. “ಈಗ್ಲೇ ಬಂದೆ” ಎನ್ನುತ್ತಿದ್ದ. ಅವಳು ಏನೂ ಗೊತ್ತಿಲ್ಲದವಳ ಹಾಗೆ “ನಾನೂ ಈಗ್ಲೇ” ಎನ್ನುತ್ತಿದ್ದಳು.

ಎಲ್ಲವೂ ಹೀಗೆ ಸುಸೂತ್ರವಾಗಿ ನಡೆಯುತ್ತಿರುವಾಗ ಒಂದು ಸೋಮವಾರ ಮುಖ್ಯಸ್ಥ ಸಭೆ ಕರೆದ.

ಅವನು ವಿಮಾನ ಕಂಪನಿಯ ಈ ಆಫೀಸಿಗೆ ಮುಖ್ಯಸ್ಥನಾಗಿ ಬಂದು ಎಂಟು ತಿಂಗಳಾಗಿತ್ತು. ಕೆಟ್ಟವನಲ್ಲ. ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿರಲಿಲ್ಲ, ಅಷ್ಟೇ. ಉದ್ದ ಮೇಜಿನ ಒಂದು ಪಕ್ಕ ಕ್ಯಾಪ್ಟನ್ ಮೀಸೆ ತಿರುವುತ್ತಾ ಕೂತಿದ್ದ. ಇನ್ನೊಂದು ಪಕ್ಕ ಅಂಗಳದ ಮೇಸ್ತ್ರಿ, ಅಂದರೆ ವಿಮಾನ ನೆಲದ ಮೇಲಿರುವಾಗ ಮೆಟ್ಟಿಲು, ಬಾಗಿಲು, ಸಾಮಾನು ಎಲ್ಲವನ್ನೂ ನೋಡಿಕೊಳ್ಳುವವನು.

“ಆಚೆ ಊರಿಗೆ ದಿನಕ್ಕೆ ಮೂರು ಸುತ್ತು ಹೋಗಿ ಬರ್ತಾ ಇದೀವಿ. ಅದು ಸಾಲಲ್ಲ,” ಎಂದ ಮುಖ್ಯಸ್ಥ. “ನಾಲ್ಕು ಸುತ್ತಾದ್ರೆ ಈ ದಾರಿ ಉಳಿಯುತ್ತೆ. ಆಗಲ್ಲ ಅಂದ್ರೆ ಈ ತಿಂಗಳು ಮುಗಿದ್ಮೇಲೆ ಆ ವಿಮಾನಾನ ಬೇರೆ ಕಡೆ ಹಾಕ್ತೀವಿ. ಆಚೆ ಊರಿಗೆ ನಮ್ಮ ವಿಮಾನ ಇರಲ್ಲ.”

ಬೇರೆ ಯಾರ ವಿಮಾನವೂ ಆಚೆ ಊರಿಗೆ ಹೋಗುತ್ತಿರಲಿಲ್ಲ. ನಿಮಿಷದಮ್ಮನ ಎದೆ ಧಸಕ್ಕೆಂದಿತು. ಆದರೆ ಅವಳ ಎದೆ ಎಷ್ಟೇ ಧಸಕ್ಕೆಂದರೂ ತಲೆ ತನ್ನ ಪಾಡಿಗೆ ತಾನು ಲೆಕ್ಕ ಮಾಡುತ್ತಿರುತ್ತದೆ. ಎದ್ದು ಹೋಗಿ ಬೋರ್ಡಿನ ಮೇಲೆ ಬರೆದಳು. ನಿಲ್ದಾಣ ತೆರೆದಿರುವುದು ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ, ಎಂಟುನೂರ ನಲವತ್ತು ನಿಮಿಷ. ನಾಲ್ಕು ಸುತ್ತಿಗೆ ಎಂಟು ಹಾರಾಟ, ಒಂದೊಂದಕ್ಕೆ ಎಂಬತ್ತೈದು ನಿಮಿಷ. ನಡುವೆ ಏಳು ಸಲ ಅರ್ಧರ್ಧ ಗಂಟೆಯ ನಿಲುಗಡೆ. ಎಲ್ಲ ಸೇರಿದರೆ ಎಂಟುನೂರ ತೊಂಬತ್ತು.

“ಐವತ್ತು ನಿಮಿಷ ಹೆಚ್ಚಾಗ್ತಿದೆ,” ಎಂದಳು.

“ಹಾಗಾದ್ರೆ ಒಂದೊಂದು ಹಾರಾಟದಲ್ಲೂ ಏಳು ನಿಮಿಷ ತೆಗೀರಿ. ಎಪ್ಪತ್ತೆಂಟು ಮಾಡಿ.”

“ತೆಗೆಯೋಕೆ ಅದೇನು ಹಾಲಿನ ಮೇಲಿನ ಕೆನೆನಾ ಸಾರ್?” ಅವಳು ಈ ವರ್ಷದ ನೋಟ್‌ಬುಕ್ ತೆಗೆದು ಅವನ ಮುಂದಿಟ್ಟಳು. “ನೋಡಿ. ಪ್ರತಿ ಹಾರಾಟ ಬರ್ದಿದೀನಿ. ಸರಾಸರಿ ಎಂಬತ್ತೆರಡು. ಗಾಳಿಗೆ, ಮೋಡಕ್ಕೆ ಅಂತ ಮೂರು ಸೇರಿಸಿ ಎಂಬತ್ತೈದು. ಅದರಲ್ಲಿ ಒಂದು ನಿಮಿಷನೂ ದಂಡಕ್ಕಿಲ್ಲ. ಬೇಕಾದ್ರೆ ಬರೆದು ಕೊಡ್ತೀನಿ.”

“ಬರೆದೇ ಕೊಡಿ,” ಎಂದ ಮುಖ್ಯಸ್ಥ. “ಗುರುವಾರದೊಳಗೆ. ಅದನ್ನೇ ಮೇಲಕ್ಕೆ ಕಳಿಸ್ತೀನಿ, ಅವರು ದಾರಿ ಮುಚ್ಚಿ ಅಂತಾರೆ, ಮುಗೀತು.”

ಕೋಣೆಗೆ ಬಂದು ಕೂತ ಮೇಲೆ ಅವಳಿಗೆ ತಾನೇನು ಮಾಡಿಕೊಂಡೆ ಎಂಬುದು ಅರ್ಥವಾಯಿತು. ತನ್ನ ಸಂಸಾರದ ದಾರಿಯನ್ನು ಮುಚ್ಚುವ ಕಾಗದಕ್ಕೆ ತಾನೇ ಸಹಿ ಹಾಕಲು ಒಪ್ಪಿಕೊಂಡು ಬಂದಿದ್ದಳು. ಅದೂ ಎದೆ ಉಬ್ಬಿಸಿಕೊಂಡು. ವಾರಕ್ಕೆ ಎರಡು ಸಲ ಹನ್ನೊಂದು ಗಂಟೆ ಬಸ್ಸಿನಲ್ಲಿ ಕೂತರೆ ಶನಿವಾರ ಭಾನುವಾರವೆಲ್ಲ ರಸ್ತೆಯ ಪಾಲು. ಅಲ್ಲಿಗೆ ಇಬ್ಬರಲ್ಲಿ ಒಬ್ಬರು ಕೈಕಟ್ಟಿ ಕೂರಬೇಕು, ಇಲ್ಲವೇ ಇಬ್ಬರೂ ಫೋನಿನಲ್ಲೇ ಮುದುಕರಾಗಬೇಕು. ಹಾಗೆಂದು ಸುಳ್ಳು ಅಂಕಿ ಬರೆಯಲು ಅವಳ ಕೈ ಓಡುವುದಿಲ್ಲ. ಎಪ್ಪತ್ತೆಂಟು ಎಂದು ಬರೆದುಬಿಟ್ಟರೆ ದಿನವೂ ವಿಮಾನ ತಡವಾಗುತ್ತದೆ, ಆರು ತಿಂಗಳಲ್ಲಿ ಜನ ಬೈದು ಬೈದು ಟಿಕೆಟ್ ತೆಗೆಯುವುದನ್ನೇ ಬಿಡುತ್ತಾರೆ.

ಸಂಜೆ ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವನ ಹಿಂದೆ ಗಾಜು ಉಜ್ಜುವ ಯಂತ್ರ ನಿಂತ ಸದ್ದು ಕೇಳಿಸಿತು.

“ನಾನು ಅಂಗಡಿ ಮುಚ್ಚಿ ಬಂದುಬಿಡ್ತೀನಿ,” ಎಂದ.

“ಬಂದು ಏನ್ಮಾಡ್ತೀಯ? ನನ್ನ ಗಡಿಯಾರ ಒರೆಸ್ತೀಯಾ? ಸುಮ್ನಿರು.”

“ಹಾಗಾದ್ರೆ ನೀನು ಬಾ.”

“ನಿಮ್ಮಮ್ಮನ ಅಡುಗೆಗೆ ಟೈಮ್ ಹಾಕ್ಕೊಂಡು ಕೂರ್ಲಾ?”

ಇಬ್ಬರೂ ನಕ್ಕರು. ನಗು ಅರ್ಧಕ್ಕೇ ನಿಂತಿತು. ಆಮೇಲೆ ಅವನು ಸುಮ್ಮನೆ ಮಾತಿಗೆ ಮಾತು ಎನ್ನುವ ಹಾಗೆ ಹೇಳಿದ: “ಎಂಬತ್ತೈದು ಯಾವಾಗಿಂದ ಆಯ್ತೇ ಅದು? ಮೊದಮೊದ್ಲು ನಿನ್ನ ನೋಡೋಕೆ ಬರ್ತಿದ್ನಲ್ಲ, ಆಗ ಪೇಪರಿನ ಪದಬಂಧ ಮುಗಿಸೋಕೇ ಆಗ್ತಿರ್ಲಿಲ್ಲ. ಯಾವಾಗ್ಲೂ ನಾಲ್ಕು ಮನೆ ಖಾಲಿ ಉಳಿಯೋದು, ಅಷ್ಟೊತ್ತಿಗೆ ಚಕ್ರ ನೆಲಕ್ಕೆ ತಾಗೋದು. ಈಗ ಬಂದ್ರೆ ಪದಬಂಧ ಮುಗಿಸಿ ಒಂದು ಗೊರಕೇನೂ ಹೊಡೀಬಹುದು.”

“ಪದಬಂಧ ಸುಲಭ ಆಗಿರಬೇಕು.”

“ಇಲ್ಲಮ್ಮ. ಅವತ್ತಿಂದ ಇವತ್ತಿನವರೆಗೂ ಅದನ್ನ ಮಾಡೋರು ಒಬ್ರೇ ಮೇಷ್ಟ್ರು. ನನ್ನ ಹತ್ರಾನೇ ಕನ್ನಡಕ ಮಾಡಿಸ್ಕೊಳ್ಳೋದು. ಮನುಷ್ಯ ಇನ್ನೂ ಹಾಗೇ ಕಾಟ ಕೊಡ್ತಾರೆ.”

ಅವಳು ಫೋನ್ ಇಟ್ಟಳು. ನಾಲ್ಕು ಖಾಲಿ ಮನೆ ಅವಳ ತಲೆಯಿಂದ ಹೋಗಲೇ ಇಲ್ಲ.

ಮರುದಿನ ಬೆಳಗ್ಗೆ ಬಂದವಳೇ ಕುರ್ಚಿ ಹತ್ತಿ ಕಪಾಟಿನ ಮೇಲಿನ ಹಲಗೆಗಳಿಂದ ಹಳೆಯ ನೋಟ್‌ಬುಕ್ಕುಗಳನ್ನು ಇಳಿಸಿದಳು. ಧೂಳಿಗೆ ಎರಡು ಸಲ ಸೀನಿದಳು. ಹನ್ನೆರಡು ವರ್ಷದ ಹಿಂದಿನದು ತೆಗೆದಳು: ಸರಾಸರಿ ಎಪ್ಪತ್ತನಾಲ್ಕು. ಹನ್ನೊಂದು ವರ್ಷದ ಹಿಂದೆ: ಎಪ್ಪತ್ತನಾಲ್ಕು. ಹತ್ತು ವರ್ಷದ ಹಿಂದೆ: ಎಪ್ಪತ್ತನಾಲ್ಕೂವರೆ. ಅದೇ ಮಾದರಿಯ ವಿಮಾನ, ಅದೇ ಬೆಟ್ಟ, ಅದೇ ಗಾಳಿ. ಮಧ್ಯೆ ಊರುಗಳೇನು ಮುನಿಸಿಕೊಂಡು ದೂರ ಸರಿದಿದ್ದವೇ? ಒಂಬತ್ತು ವರ್ಷದ ಹಿಂದಿನ ನೋಟ್‌ಬುಕ್ ತೆಗೆದಳು. ಮೂರನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ತನ್ನದೇ ದುಂಡು ಅಕ್ಷರ ಕಣ್ಣಿಗೆ ಬಿತ್ತು.

‘ಆಚೆ ಊರಿನ ರನ್‌ವೇ ರಿಪೇರಿ. ಇಳಿದ ಮೇಲೆ ದೂರದ ತುದಿಯಿಂದ ಬಳಸಿ ಬರಬೇಕು. ಎಂಟು ನಿಮಿಷ ಸೇರಿಸಿದೆ. ತಾತ್ಕಾಲಿಕ.’

ರಿಪೇರಿ ಏಳು ತಿಂಗಳಲ್ಲಿ ಮುಗಿದಿತ್ತು. ಎಂಟು ನಿಮಿಷ ಉಳಿದುಕೊಂಡಿತ್ತು.

ಮರೆತಿದ್ದೆ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವಳಿಗೆ ನೆನಪಾಯಿತು. ರಿಪೇರಿ ಮುಗಿದ ತಿಂಗಳು ವಿಮಾನಗಳೆಲ್ಲ ಎಂಟೆಂಟು ನಿಮಿಷ ಮುಂಚೆ ತಲುಪತೊಡಗಿದ್ದವು, ಪ್ರಯಾಣಿಕರು ಹೊಗಳಿ ಪತ್ರ ಬರೆದಿದ್ದರು, ಮುಂದಿನ ವರ್ಷ ಆ ಕಪ್ಪು ಬಂತು, ಫೋಟೊ ಬಂತು. ಇರಲಿ, ಮಳೆಗಾಲ ಕಳೆಯಲಿ ಎಂದು ಬಿಟ್ಟಿದ್ದಳು. ಮಳೆಗಾಲ ಕಳೆಯಿತು. ಇರಲಿ ಎಂಬುದು ಹಾಗೇ ಇತ್ತು. ಆಮೇಲೆ ನಿಧಾನವಾಗಿ ವಿಮಾನಗಳು ಮುಂಚೆ ತಲುಪುವುದು ನಿಂತಿತು. ಪುಟ ತಿರುವಿದಂತೆ ಎಪ್ಪತ್ತನಾಲ್ಕು ಎಪ್ಪತ್ತಾರಾಯಿತು, ಎಪ್ಪತ್ತೊಂಬತ್ತಾಯಿತು, ಎಂಬತ್ತೆರಡಾಯಿತು. ಕೊಟ್ಟ ಹೊತ್ತನ್ನೆಲ್ಲ ಜನ ಸದ್ದಿಲ್ಲದೆ ತಿಂದು ಮುಗಿಸಿದ್ದರು. ಎಂಬತ್ತೆರಡು ಎಂದು ಬರೆದದ್ದು ಅವಳೇ. ಆ ಎಂಬತ್ತೆರಡನ್ನೇ ಸಾಕ್ಷಿಯಾಗಿ ಮುಖ್ಯಸ್ಥನ ಮುಂದಿಟ್ಟು ಮೆರೆದವಳೂ ಅವಳೇ. ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಸುಳ್ಳು ಯಾಕೆ, ಖುಷಿಯೂ ಆಯಿತು. ನಿಮಿಷಗಳು ಇದ್ದವು. ಎಲ್ಲಿವೆ ಎಂದು ಹುಡುಕಿದರೆ ಸಾಕು.

ಮೊದಲು ಅಂಗಳಕ್ಕೆ ಹೋದಳು. ಮೇಸ್ತ್ರಿ ಗಾಡಿಯ ನೆರಳಿನಲ್ಲಿ ಟೀ ಕುಡಿಯುತ್ತಿದ್ದ.

“ಜನ ಎಲ್ಲ ಹತ್ತಿ ಅಡ್ಡಕಟ್ಟಿಗೆ ತೆಗೆದ್ಮೇಲೆ ಬಾಗಿಲು ಹಾಕೋಕೆ ಎಷ್ಟು ಹೊತ್ತು ಮಾಡ್ತೀರ?”

“ಹೊತ್ತೇನಮ್ಮ? ನಾಲ್ಕು ನಿಮಿಷ.”

“ಒಂದು ನಿಮಿಷದ ಕೆಲಸಕ್ಕೆ?”

ಮೇಸ್ತ್ರಿ ಲೋಟ ಕೆಳಗಿಟ್ಟ. “ಬೇಗ ಹಾಕಿ ಏನ್ಮಾಡ್ಲಿ? ಕ್ಯಾಪ್ಟನ್ ಹೇಗೂ ಮೇಲೆ ಹೋಗಿ ಗಾಳಿ ಸೇವನೆ ಮಾಡ್ತಾರೆ.”

ಕ್ಯಾಪ್ಟನ್ ಸಿಕ್ಕಿದ್ದು ಮೆಟ್ಟಿಲ ಬಳಿ. ಅವನು ಮೀಸೆಯ ಒಂದು ತುದಿ ಹಿಡಿದುಕೊಂಡೇ ಕೇಳಿಸಿಕೊಂಡ. “ಜೋರಾಗಿ ಹೋಗಿ ಏನ್ಮಾಡ್ಲಿ ಹೇಳಿ. ಮೇಸ್ತ್ರಿ ಬಾಗಿಲು ಹಾಕೋದೇ ನಿಧಾನ. ಮೇಲೆ ಹೋದ್ಮೇಲೂ ಹೊತ್ತು ಬೇಕಾದಷ್ಟಿರುತ್ತೆ. ಸ್ವಲ್ಪ ವೇಗ ಇಳಿಸಿ ಆರಾಮಾಗಿ ಹೋಗ್ತೀನಿ. ನಿಯಮದೊಳಗೇ ಇದೆ.” ಆಮೇಲೆ, ಚುಚ್ಚಬೇಕೆಂದೇನೂ ಇಲ್ಲದೆ, ಸೇರಿಸಿದ: “ಆ ಹೊತ್ತು ಕೊಟ್ಟಿದ್ದು ನೀವೇ ಅಲ್ವಾ ನಿಮಿಷದಮ್ಮ?”

ಆ ಮಾತು ಮುಖಕ್ಕೆ ಹೊಡೆದಂತಾಯಿತು. ಇವನು ಅವನ ಕಡೆ ಕೈ ತೋರಿಸುತ್ತಾನೆ, ಅವನು ಇವನ ಕಡೆ. ಇಬ್ಬರ ಜೇಬಿನಲ್ಲೂ ನಿಮಿಷಗಳಿವೆ, ಮೊದಲು ತೆಗೆಯಲು ಯಾರೂ ತಯಾರಿಲ್ಲ. ಯಾಕೆ ತೆಗೆಯಬೇಕು? ಎಲ್ಲರಿಗಿಂತ ದೊಡ್ಡ ಗಂಟು ಕಟ್ಟಿಟ್ಟವಳು ಬೋರ್ಡಿನ ಮುಂದೆ ನಿಂತು ಒಂದೂ ಹೆಚ್ಚಿಲ್ಲ ಎಂದು ಭಾಷಣ ಮಾಡಿ ಬಂದಿದ್ದಳು. ಬುಧವಾರವೆಲ್ಲ ಅವಳು ಇದನ್ನೇ ಯೋಚಿಸಿದಳು. ಸಂಜೆಯ ಹೊತ್ತಿಗೆ ತೀರ್ಮಾನವಾಯಿತು. ಒಮ್ಮೆ ತೀರ್ಮಾನ ಮಾಡಿದ ಮೇಲೆ ಮತ್ತೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಪೈಕಿ ಅವಳಲ್ಲ. ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿ ನಿದ್ದೆ ಮಾಡಿದಳು.

ಗುರುವಾರದ ಸಭೆಗೆ ಅವಳು ಬರೆದು ಕೊಡಬೇಕಾಗಿದ್ದ ಕಾಗದವನ್ನು ತರಲಿಲ್ಲ. ಒಂಬತ್ತು ವರ್ಷದ ಹಿಂದಿನ ನೋಟ್‌ಬುಕ್ಕನ್ನೂ, ಕಪಾಟಿನ ಮೇಲಿದ್ದ ಕಪ್ಪನ್ನೂ ತಂದು ಮೇಜಿನ ನಡುವೆ ಇಟ್ಟಳು.

“ಸೋಮವಾರ ನಾನು ಹೇಳಿದ್ದು ತಪ್ಪು,” ಎಂದಳು. “ಎಂಬತ್ತೈದರಲ್ಲಿ ಎಂಟು ನಿಮಿಷ ಸುಳ್ಳು. ನಾನೇ ಸೇರಿಸಿದ್ದು, ನಾನೇ ತೆಗೀಬೇಕಾಗಿತ್ತು, ತೆಗೀಲಿಲ್ಲ. ಕೆಂಪು ಶಾಯೀಲಿದೆ, ಓದ್ಕೊಳ್ಳಿ.”

ಮುಖ್ಯಸ್ಥ ಓದಿದ. ಇನ್ನೊಮ್ಮೆ ಓದಿದ. “ಒಂಬತ್ತು ವರ್ಷ?”

“ಒಂಬತ್ತು ವರ್ಷ.”

“ಈ ಕಪ್ಪು?”

“ಅದು ಆ ಎಂಟು ನಿಮಿಷಕ್ಕೇ ಬಂದಿದ್ದು. ನನಗೆ ಬೇಡ. ಬೇಕಾದ್ರೆ ಪೆನ್ನು ಹಾಕಿಡೋಕೆ ಇಟ್ಕೊಳ್ಳಿ.”

ಮುಖ್ಯಸ್ಥ ಕಪ್ಪನ್ನು ನೋಡಿದ, ಅವಳನ್ನು ನೋಡಿದ. “ನಿಮ್ಮ ಯಜಮಾನ್ರು ಆಚೆ ಊರಲ್ಲಿದ್ದಾರಂತೆ. ದಾರಿ ಮುಚ್ಚುತ್ತೆ ಅಂದ ತಕ್ಷಣ ಎಂಟು ನಿಮಿಷ ಸಿಕ್ತಾ?”

“ಹೌದು, ಅದಕ್ಕೇ ಹುಡುಕಿದೆ,” ಎಂದಳು ಅವಳು, ಕಣ್ಣು ತಗ್ಗಿಸದೆ. “ಆದ್ರೆ ಅವರು ಇದ್ರೂ ಇಲ್ದಿದ್ರೂ ಲೆಕ್ಕ ಇಷ್ಟೇ ಬರುತ್ತೆ. ನೀವೇ ಮಾಡಿ ನೋಡಿ. ಹನ್ನೆರಡು ವರ್ಷದ ಹಿಂದೆ ಎಪ್ಪತ್ತನಾಲ್ಕರಲ್ಲಿ ಹೋದ ವಿಮಾನ ಇವತ್ತು ಎಪ್ಪತ್ತೆಂಟರಲ್ಲಿ ಹೋಗಬೇಕು. ಹೋಗಲ್ಲ ಅಂದ್ರೆ ತಪ್ಪು ವಿಮಾನದ್ದಲ್ಲ, ನಮ್ಮದು.”

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. “ಬಾಗಿಲ ಹತ್ರ ಮೂರು ನಿಮಿಷ ನಂದಿದೆ. ಬರ್ಕೊಳ್ಳಿ.”

ಕ್ಯಾಪ್ಟನ್ ಮೀಸೆಯಿಂದ ಕೈ ತೆಗೆದ. “ಮೇಲೆ ನಂದು ನಾಲ್ಕು. ಅವರು ಮೂರು ಅಂದ್ರೆ ನಾನು ಎರಡು ಅನ್ನೋಕಾಗುತ್ತಾ?”

ಮೂರು, ನಾಲ್ಕು, ಏಳು. ನಿಮಿಷದಮ್ಮ ಬೋರ್ಡಿನ ಹತ್ತಿರ ಹೋಗಲೂ ಇಲ್ಲ. ಈ ಕೂಡಿಕೆ ಯಾರಿಗಾದರೂ ಬರುತ್ತದೆ.

ಮುಖ್ಯಸ್ಥ ಕೊನೆಗೆ ಹೇಳಿದ: “ಮಾತು ಚೆನ್ನಾಗಿದೆ. ನಂಗೆ ಕಣ್ಣಲ್ಲಿ ನೋಡ್ಬೇಕು. ಮುಂದಿನ ವಾರ ಅಭ್ಯಾಸ ಮಾಡ್ಕೊಳ್ಳಿ. ಶುಕ್ರವಾರ ಮೂರೂವರೆ ವಿಮಾನ ವಾರದಲ್ಲೇ ಭಾರ, ಒಂದು ಸೀಟೂ ಖಾಲಿ ಇರಲ್ಲ. ಅದು ಎಪ್ಪತ್ತೆಂಟರೊಳಗೆ ತಲುಪಿದ್ರೆ ದಾರಿ ಉಳೀತು. ಎಪ್ಪತ್ತೊಂಬತ್ತಾದ್ರೆ ಇಲ್ಲ.”

ಅಭ್ಯಾಸ ಶುರುವಾಯಿತು. ಸೋಮವಾರ ಎಂಬತ್ತೊಂದು. ಮೇಸ್ತ್ರಿಯ ಕೈ ಬಾಗಿಲ ಮೇಲಿದ್ದರೂ ಮನಸ್ಸು ಹಳೆಯ ನಾಲ್ಕು ನಿಮಿಷದಲ್ಲೇ ಇತ್ತು. ಮಂಗಳವಾರ ಎಪ್ಪತ್ತೊಂಬತ್ತು. ಬುಧವಾರ ಮೋಡ, ಎಂಬತ್ತು. ನಿಮಿಷದಮ್ಮ ದಿನವೂ ಅಂಗಳದಲ್ಲಿ ನಿಂತು, ಗಡಿಯಾರ ಹಿಡಿದು, ಮದುವೆಮನೆಯ ಹಿರಿಯತ್ತೆಯ ಹಾಗೆ ಎಲ್ಲರ ಕೆಲಸದಲ್ಲೂ ತಲೆ ಹಾಕಿದಳು. ಸಾಮಾನಿನ ಗಾಡಿ ಸುತ್ತಿ ಬರುವುದನ್ನು ನೇರ ಮಾಡಿಸಿದಳು. ಗುರುವಾರ ಎಪ್ಪತ್ತೇಳು ಬಂತು. ಅಂಗಳದವರೆಲ್ಲ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಗಂಡನಿಗೆ ಅವಳು ಇದೊಂದನ್ನೂ ಹೇಳಲಿಲ್ಲ. ಆಗದೇ ಹೋದರೆ ಅವನು ಎರಡು ಸಲ ನೊಂದುಕೊಳ್ಳುವುದು ಬೇಡ ಎಂದು. ಯಾವಾಗಿನಂತೆ “ಐದು ಐದಕ್ಕೆ ಬಾ” ಎಂದಷ್ಟೇ ಹೇಳಿದಳು.

ಶುಕ್ರವಾರ ಮೂರು ಗಂಟೆಗೇ ಮುಖ್ಯಸ್ಥ ತನ್ನದೇ ಗಡಿಯಾರ ಹಿಡಿದು ಅಂಗಳದಲ್ಲಿ ನಿಂತಿದ್ದ. ಜನ ಹತ್ತಿದರು. ಒಬ್ಬಾಕೆ ತನ್ನಷ್ಟೇ ಎತ್ತರದ ಪೆಟ್ಟಿಗೆ ತಂದು ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಮೇಸ್ತ್ರಿ ಅದನ್ನು ಅವಳ ಕೈಯಿಂದ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿಡಿಸಿ ಸಾಮಾನಿನ ಕೋಣೆಗೆ ಸೇರಿಸಿದ. ಬಾಗಿಲು ಹಾಕಲು ಐವತ್ತು ಸೆಕೆಂಡು. ಅಡ್ಡಕಟ್ಟಿಗೆ ತೆಗೆದದ್ದು ಮೂರೂವರೆಗೆ, ನೆಲ ಬಿಟ್ಟದ್ದು ಮೂರು ಮೂವತ್ತೇಳಕ್ಕೆ. ನಿಮಿಷದಮ್ಮ ಕೊನೆಯ ಸಾಲಿನಲ್ಲಿ ಕೂತು ಬರೆದುಕೊಂಡಳು.

ಬೆಟ್ಟದ ಮೇಲೆ ಬಂದಾಗ ಎದುರುಗಾಳಿ. ವಿಮಾನ ಒಮ್ಮೆ ಕುಲುಕಿ ಭಾರವಾಯಿತು. ಎರಡು ನಿಮಿಷ ಹೋಯಿತು ಎಂದುಕೊಂಡಳು. ಮೂರು ಹೋದರೂ ಹೋಗಬಹುದು. ಅಷ್ಟರಲ್ಲಿ ಕ್ಯಾಪ್ಟನ್ನನ ದನಿ ಕೇಳಿಸಿತು: “ಎದುರಿಂದ ಸ್ವಲ್ಪ ಗಾಳಿ ಇದೆ. ತಲೆ ಕೆಡಿಸ್ಕೋಬೇಡಿ, ಹೊತ್ತಿಗೆ ಸರಿಯಾಗಿ ಇಳಿಸ್ತೀನಿ.” ಪ್ರಯಾಣಿಕರಿಗೆ ಹೇಳಿದ್ದೋ, ಕೊನೆಯ ಸಾಲಿಗೆ ಹೇಳಿದ್ದೋ, ಅಂತೂ ಅವಳು ಪೆನ್ನು ಹಿಡಿದ ಬೆರಳು ಸಡಿಲ ಮಾಡಿದಳು. ಕ್ಯಾಪ್ಟನ್ ಹಾಗೆ ಹೇಳಿದ ಮೇಲೆ ಇಳಿಸುವವನೇ.

ಚಕ್ರ ನೆಲಕ್ಕೆ ತಾಗಿದ್ದು ನಾಲ್ಕು ನಲವತ್ತೆರಡಕ್ಕೆ. ಅಡ್ಡಕಟ್ಟಿಗೆ ಇಟ್ಟದ್ದು ನಾಲ್ಕು ನಲವತ್ತಾರಕ್ಕೆ. ಎಪ್ಪತ್ತಾರು ನಿಮಿಷ.

ಅವಳು ಅಂಗಳಕ್ಕೆ ಇಳಿದು ಮುಖ್ಯಸ್ಥನಿಗೆ ಫೋನ್ ಮಾಡಿದಳು. “ಎಪ್ಪತ್ತಾರು.”

“ಇನ್ನೊಂದ್ಸಲ ಹೇಳಿ.”

“ಎಪ್ಪತ್ತಾರು. ಎದುರುಗಾಳಿ ಇತ್ತು, ಅದನ್ನೂ ಸೇರಿಸಿ.”

ಆ ಕಡೆ ಉಸಿರು ಬಿಟ್ಟ ಸದ್ದು. “ಸೋಮವಾರ ಬಂದ್ಮೇಲೆ ನಾಲ್ಕು ಸುತ್ತಿನ ವೇಳಾಪಟ್ಟಿ ಮಾಡಿ. ಕಪ್ಪು ನಿಮ್ಮ ಕಪಾಟಿಗೇ ವಾಪಸ್ ಇಟ್ಟಿದೀನಿ, ಪೆನ್ನು ಹಾಕೋಕೆ. ಮತ್ತೆ ಅಲ್ಲೇ ನಿಂತು ಸಾಮಾನು ಇಳಿಸೋ ಹೊತ್ತು ಒಂದು ಬರ್ಕೊಂಡುಬಿಡಿ.”

ಅವಳಿಗೆ ಅಂಗಳದಲ್ಲೇ ಕೂತುಬಿಡಬೇಕು ಎನಿಸಿತು. ಕೂರಲಿಲ್ಲ. ಅಂಗಳದ ಕೆಲಸದವರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ರೆಕ್ಕೆಯ ಪಕ್ಕ ನಿಂತು ಪೆಟ್ಟಿಗೆಗಳು ಇಳಿಯುವುದನ್ನು ನೋಡಿದಳು. ಮಾಡಲು ಬೇರೆ ಕೆಲಸವಿರಲಿಲ್ಲವಾಗಿ ತಲೆ ಎತ್ತಿದಳು. ಹದಿನಾಲ್ಕು ವರ್ಷದಿಂದ ಪ್ರತಿ ಶುಕ್ರವಾರ ಈ ಅಂಗಳ ದಾಟಿದ್ದಳು. ಒಂದು ಸಲವೂ ತಲೆ ಎತ್ತಿರಲಿಲ್ಲ, ಯಾವಾಗಲೂ ನಡೆಯುತ್ತಾ ಬರೆಯುತ್ತಿರುತ್ತಿದ್ದಳು.

ಕಟ್ಟಡದ ಮೇಲಿನ ಮಹಡಿಯಲ್ಲಿ ಉದ್ದಕ್ಕೂ ಗಾಜು. ವಿಮಾನ ನೋಡಲು ಬಂದವರಿಗೆಂದು ಮಾಡಿದ ಜಾಗ. ಒಳಗೆ ಒಂದು ಬೆಂಚು. ಬೆಂಚಿನ ಮೇಲೆ ಮಡಿಸಿದ ಪೇಪರ್ ಹಿಡಿದು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಗಂಡಸು. ಯಾರೋ ನಮ್ಮನೆಯವರ ಥರವೇ ಇದ್ದಾರಲ್ಲ ಎಂದು ಅವಳು ಮೊದಲು ಅಂದುಕೊಂಡಳು. ಗಡಿಯಾರ ನೋಡಿದಳು. ನಾಲ್ಕು ಐವತ್ತು. ಗಂಡ ಈ ಹೊತ್ತಿಗೆ ಅಂಗಡಿಯ ಬಾಗಿಲು ಎಳೆಯುತ್ತಿರಬೇಕು. ಆ ಗಂಡಸು ಎದ್ದು ಗಾಜಿನ ಹತ್ತಿರ ಬಂದ, ಹಣೆಯನ್ನು ಗಾಜಿಗೆ ಒತ್ತಿದ, ಮೆಟ್ಟಿಲಿನಿಂದ ಇಳಿದವರಲ್ಲಿ ಯಾರನ್ನೋ ಹುಡುಕಿದ. ಕಟ್ಟಕಡೆಗೆ ರೆಕ್ಕೆಯ ಪಕ್ಕ ಕಿತ್ತಳೆ ಅಂಗಿಯಲ್ಲಿ ನಿಂತವಳ ಮೇಲೆ ಅವನ ಕಣ್ಣು ಬಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಪೇಪರನ್ನು ಬೆನ್ನ ಹಿಂದೆ ಬಚ್ಚಿಟ್ಟ, ಆಮೇಲೆ ಗಾಜಿನಿಂದ ಮಾಯವಾದ. ಅವಳು ಅಂಗಳದ ನಡುವೆ ಒಬ್ಬಳೇ ನಿಂತು ನಕ್ಕಳು. ಸಾಮಾನು ಇಳಿಸುವವರು ತಿರುಗಿ ನೋಡಿದರು.

ಕೊನೆಯ ಪೆಟ್ಟಿಗೆಯ ಹೊತ್ತು ಬರೆದುಕೊಂಡು ಅವಳು ಒಳಗೆ ಹೋದಳು. ಮುಖ ತೊಳೆದಳು, ತಲೆ ಬಾಚಿದಳು, ಮೂರನೆಯ ಕುರ್ಚಿಯಲ್ಲಿ ಕೂತಳು. ಸರಿಯಾಗಿ ಐದು ಐದಕ್ಕೆ ಹೊರಬಾಗಿಲು ತಳ್ಳಿಕೊಂಡು ಗಂಡ ಬಂದ, ಏದುಸಿರು ಬಿಡುತ್ತಾ.

“ಈಗ್ಲೇ ಬಂದೆ,” ಎಂದ.

“ಓಹೋ. ಮೇಲೆ ಬೆಂಚಿನ ಮೇಲೆ ಕೂತಿದ್ದು ಯಾರು?”

“ಯಾರೋ ನನ್ನ ಥರ ಇರೋರು ಇರ್ಬೇಕು.”

“ಅವರ ಪೆನ್ಸಿಲ್ ನಿನ್ನ ಕಿವಿ ಮೇಲಿದೆ.”

ಅವನು ಕಿವಿ ಮುಟ್ಟಿ ನೋಡಿಕೊಂಡ. ಪೆನ್ಸಿಲ್ ತೆಗೆದು ಜೇಬಿಗೆ ಹಾಕಿದ. ಪಕ್ಕದ ಕುರ್ಚಿಯಲ್ಲಿ ಕೂತ. ನಲವತ್ತೇಳು ವರ್ಷದ ಮನುಷ್ಯನ ಕಿವಿ ಕೆಂಪಾಗಿತ್ತು.

“ಎಷ್ಟು ಹೊತ್ತಿಗೆ ಬಂದೆ?” ಎಂದು ಕೇಳಿದಳು.

“ನಾಲ್ಕಕ್ಕೆ.”

“ಇವತ್ತಾ?”

“ಪ್ರತಿ ವಾರ. ಮೊದಲನೇ ವಾರದಿಂದ್ಲೂ.” ಅವನು ತನ್ನ ಬೆರಳುಗಳನ್ನು ನೋಡಿಕೊಂಡ. “ಶುಕ್ರವಾರ ಮಧ್ಯಾಹ್ನ ಗಾಜು ಉಜ್ಜೋಕೆ ಕೂತ್ರೆ ಒಡೆದುಹೋಗುತ್ತೆ. ಕೈ ನಿಲ್ಲಲ್ಲ. ಎರಡು ಮೂರು ಗಾಜು ಹಾಳು ಮಾಡಿದ್ಮೇಲೆ ಬುದ್ಧಿ ಬಂತು. ಬಾಗಿಲು ಹಾಕಿ ಬಂದುಬಿಡ್ತೀನಿ.”

“ಮತ್ತೆ ವಿಮಾನ ಇಳಿದಿದ್ದು ಗೊತ್ತಾಗ್ತಿತ್ತು ನಿಂಗೆ. ನಾನು ಹತ್ತು ನಿಮಿಷ ಸೇರಿಸಿ ಹೇಳೋದೂ ಗೊತ್ತಿತ್ತು.”

“ಗೊತ್ತಿತ್ತು.”

“ನಾನಿಲ್ಲಿ ಒಬ್ಳೇ ಕೂತಿರ್ತಿದ್ದೆ. ಕೆಳಗೆ ಬರೋಕೆ ಏನಾಗಿತ್ತು ನಿಂಗೆ?”

ಅವನು ಮೇಲೆ ಕೈ ತೋರಿಸಿದ. ಮೇಲಿನ ಮಹಡಿಯ ಕಟಕಟೆ ಅಲ್ಲಿಂದ ಕಾಣಿಸುತ್ತಿತ್ತು, ಅದರ ಹಿಂದೆ ಒಬ್ಬರು ನಿಂತುಕೊಳ್ಳುವಷ್ಟು ದಪ್ಪದ ಒಂದು ಕಂಬ. “ಅಲ್ಲಿಂದ ಈ ಕುರ್ಚಿ ಕಾಣುತ್ತೆ. ನೀನು ಮುಖ ತೊಳ್ಕೊಂಡು ಬಂದು, ತಲೆ ಬಾಚ್ಕೊಂಡು, ಬಾಗಿಲ ಕಡೇನೇ ನೋಡ್ತಾ ಕೂತಿರ್ತೀಯ. ಕಣ್ಣು ಆಚೀಚೆ ಮಾಡಲ್ಲ. ನಂಗೋಸ್ಕರ ಒಬ್ರು ಹಾಗೆ ಕೂತಿರೋದನ್ನ ಹತ್ತು ನಿಮಿಷ ನೋಡ್ದೆ ಹೇಗೆ ಬರ್ಲಿ ಹೇಳು. ಆಮೇಲೆ ಹಿಂದಿನ ಮೆಟ್ಟಿಲಿಳಿದು, ಸುತ್ತ ಓಡಿ, ಬಾಗಿಲಿಂದ ಬರ್ತಿದ್ದೆ.”

ಹದಿನಾಲ್ಕು ವರ್ಷ, ವರ್ಷಕ್ಕೆ ಐವತ್ತೆರಡು ಶುಕ್ರವಾರ, ಒಂದೊಂದಕ್ಕೆ ಒಂದು ಗಂಟೆಯ ಮೇಲೆ. ನಿಮಿಷದಮ್ಮನ ತಲೆ ಲೆಕ್ಕ ಶುರು ಮಾಡಿತು, ನಡುವೆ ನಿಂತಿತು. ಎರಡು ಊರಿನ ನಡುವಿನ ಒಂದೊಂದು ನಿಮಿಷವೂ ತನಗೆ ಗೊತ್ತು ಎಂದು ಅವಳು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಅವಳಿಗೆ ಅಳು ಬಂತು, ಅಳಲು ಅವಳಿಗೆ ಯಾವ ಸಂಕೋಚವೂ ಆಗಲಿಲ್ಲ. ಕಿತ್ತಳೆ ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು.

“ದಾರಿ ಉಳೀತು,” ಎಂದಳು. “ಎಪ್ಪತ್ತಾರು ನಿಮಿಷದಲ್ಲಿ ಬಂದ್ವಿ.”

“ಗೊತ್ತಾಯ್ತು.” ಅವನು ಪೇಪರ್ ಬಿಚ್ಚಿ ಅವಳ ತೊಡೆಯ ಮೇಲಿಟ್ಟ. ಪದಬಂಧದಲ್ಲಿ ನಾಲ್ಕು ಮನೆ ಖಾಲಿ ಇದ್ದವು. “ನೀನು ಹೊರಡೋ ಹೊತ್ತಿಗೇ ಶುರು ಮಾಡ್ತೀನಿ ಇದನ್ನ. ಒಂಬತ್ತು ವರ್ಷ ಆಗಿತ್ತು, ನಿನ್ನ ವಿಮಾನ ನನ್ನ ಸೋಲಿಸಿ.”

ಇಬ್ಬರೂ ಎದ್ದು ಬಾಗಿಲ ಕಡೆ ನಡೆದರು. ಅವಳ ಚೀಲ ಅವನ ಕೈಯಲ್ಲಿತ್ತು, ಅವನ ಪೇಪರ್ ಅವಳ ಕೈಯಲ್ಲಿ.

“ಹೊಸ ವೇಳಾಪಟ್ಟಿ ಒಂದನೇ ತಾರೀಖಿಂದ,” ಎಂದಳು ಅವಳು. “ಶುಕ್ರವಾರದ ಮೂರೂವರೆ ಇನ್ಮೇಲೆ ನಾಲ್ಕು ಐವತ್ತಕ್ಕೆ ಹೊರಡುತ್ತೆ. ತಲುಪೋದು ಆರು ಎಂಟಕ್ಕೆ. ಒಂದು ನಿಮಿಷನೂ ಬಚ್ಚಿಟ್ಟಿಲ್ಲ.”

“ಹಾಗಾದ್ರೆ ನಾನು ಎಷ್ಟು ಹೊತ್ತಿಗೆ ಬರ್ಲಿ?”

ಅವಳು ಒಂದು ಕ್ಷಣ ಯೋಚಿಸಿದಳು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

“ಆರು ಹದಿನೆಂಟಕ್ಕೆ ಬಾ,” ಎಂದಳು.

“ಸರಿ,” ಎಂದ ಅವನು. “ಅಂಗಡಿ ಮುಚ್ಚಿ ಓಡಿ ಬರ್ತೀನಿ.”